ಹತ್ತಿಯ ನೂಲೋ, ಉಣ್ಣೆಯ ನೂಲೋ? ಹಿಂದೂಪುರ–ಕಲ್ಯಾಣದುರ್ಗ ಸೀಮೆಯಿಂದ ವಚನದ ಬಟ್ಟೆಯನ್ನು ಓದುವುದು

(ಸ್ನಾತಕೋತ್ತರ ವಿದ್ಯಾರ್ಥಿಗಳ ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಪ್ರಬಂಧ ಮತ್ತು ಅದರ ಮೇಲಿನ ಚರ್ಚೆಯ ಲಿಖಿತ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ.)

ನನ್ನ ಧ್ವನಿ ಕೇಳಿಸ್ತಾ ಇದೆ ಅಂದುಕೊಳ್ತೇನೆ. ಊರಿಂದ ಮಾತಾಡ್ತಾ ಇದ್ದೇನೆ, ನೆಟ್‌ವರ್ಕ್ ಹೋದರೆ ದಯವಿಟ್ಟು ಚಾಟ್‌ನಲ್ಲಿ ಹೇಳಿ.

ನನ್ನ ಪ್ರಬಂಧ ಒಂದು ತಪ್ಪೊಪ್ಪಿಗೆಯಿಂದ ಶುರುವಾಗುತ್ತದೆ. ಮೊದಲ ಸೆಮಿಸ್ಟರಿನಲ್ಲಿ ಕದಿರ ರೆಮ್ಮವ್ವೆಯ ಬಗ್ಗೆ ಒಂದು ನಿಯೋಜಿತ ಬರಹ ಕೊಟ್ಟಿದ್ದೆ. ರಾಟೆ ಎಂದರೆ ದೇಹ, ಕದಿರು ಎಂದರೆ ಅರಿವು, ನೂಲು ಎಂದರೆ ಸಾಧನೆ ಎಂದು ಎಂಟು ಪುಟ ಬರೆದಿದ್ದೆ. ಒಳ್ಳೆ ಅಂಕ ಬಂತು. ಆ ಖುಷಿಯಲ್ಲಿ ಅಜ್ಜಿಗೆ ಫೋನ್ ಮಾಡಿ ವಚನವನ್ನು ಓದಿ ಹೇಳಿದೆ. ನಮ್ಮಜ್ಜಿ ಕಲ್ಯಾಣದುರ್ಗದ ಕಡೆಯವರು, ಕುರುಬರ ಮನೆ, ಮದುವೆಯಾಗಿ ಬಂದ ದಿನದಿಂದ ಮೊಣಕಾಲು ಹಿಡಿಯುವ ತನಕ ಉಣ್ಣೆ ನೂತವರು. ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: "ಯಾವ ನೂಲಮ್ಮಾ ಅದು? ಹತ್ತೀದಾ, ಉಣ್ಣೇದಾ?"

ನನ್ನ ಎಂಟು ಪುಟಗಳಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಉತ್ತರ ಇಲ್ಲದ್ದಕ್ಕಿಂತ ಹೆಚ್ಚಾಗಿ, ಆ ಪ್ರಶ್ನೆಯನ್ನು ಕೇಳಬಹುದು ಅಂತಲೇ ನನಗೆ ಹೊಳೆದಿರಲಿಲ್ಲ. ನಾನು ನೋಡಿದ ವಿಮರ್ಶೆಯ ಬರಹಗಳಲ್ಲೂ ಅದು ಇರಲಿಲ್ಲ. ನಮ್ಮ ವಿಮರ್ಶೆಯಲ್ಲಿ ಬಟ್ಟೆ ಕಾಣಿಸಿಕೊಂಡ ಮರುಕ್ಷಣವೇ ರೂಪಕವಾಗಿಬಿಡುತ್ತದೆ. ಬಟ್ಟೆ ಬಟ್ಟೆಯಾಗಿ ಒಂದು ಸಾಲಿನಷ್ಟು ಹೊತ್ತೂ ನಿಲ್ಲುವುದಿಲ್ಲ. "ಹಾಸುಹೊಕ್ಕಾಗಿದೆ" ಎಂಬ ಮಾತನ್ನು ನಾವು ಪ್ರತಿ ಲೇಖನದಲ್ಲೂ ಬಳಸ್ತೇವೆ. ಹಾಸು ಯಾವುದು, ಹೊಕ್ಕು ಯಾವುದು, ಎರಡರಲ್ಲಿ ಗಂಜಿ ಕೊಡುವುದು ಯಾವುದಕ್ಕೆ ಅಂತ ಕೇಳಿದರೆ ನಮ್ಮಲ್ಲಿ ಎಷ್ಟು ಜನ ಹೇಳ್ತೇವೋ ಗೊತ್ತಿಲ್ಲ. ಹೋದ ವರ್ಷದ ತನಕ ನಾನಂತೂ ಹೇಳ್ತಿರಲಿಲ್ಲ.

ರೆಮ್ಮವ್ವೆಯ ಆ ವಚನಕ್ಕೇ ಮತ್ತೆ ಹೋಗೋಣ. ಅವಳು ರಾಟೆಯ ಒಂದೊಂದು ಭಾಗವನ್ನೂ ಒಬ್ಬೊಬ್ಬ ದೇವರಿಗೆ ಹೊಂದಿಸುತ್ತಾಳೆ. ಕೆಳಗಿನ ಹಲಗೆ ಬ್ರಹ್ಮನಿಗೆ, ತೋರಣ ವಿಷ್ಣುವಿಗೆ, ನಿಂತ ಬೊಂಬೆ ರುದ್ರನಿಗೆ. ಅರಿವು ಕದಿರಾಗುತ್ತದೆ, ಭಕ್ತಿ ತಿರುಗಿಸುವ ಕೈಯಾಗುತ್ತದೆ. ನೂಲು ಸುತ್ತಿ ಸುತ್ತಿ ಕದಿರು ತುಂಬುತ್ತದೆ. ಕೊನೆಗೆ ಇನ್ನು ರಾಟೆ ತಿರುಗಿಸಲಾರೆ, ಗಂಡ ಹೊಡೆದಾನು, ಏನು ಮಾಡಲಿ ಎಂದು ತನ್ನ ಗುಮ್ಮೇಶ್ವರನನ್ನು ಕೇಳುತ್ತಾಳೆ. ನಾವು ಇದನ್ನು ಬೆಡಗಿನ ವಚನವೆಂದು ಓದುತ್ತೇವೆ. ಹಾಗಾಗಿ ಗಂಡ ಎಂಬ ಮಾತಿಗೂ ಒಂದು ತಾತ್ವಿಕ ಅರ್ಥ ಹುಡುಕಿ ಮುಂದಕ್ಕೆ ಹೋಗುತ್ತೇವೆ. ನಾನೂ ಹಾಗೇ ಮಾಡಿದ್ದೆ.

ಅಜ್ಜಿ ಬೇರೆ ಥರ ಓದಿದರು. ಮೊದಲನೆಯದು ಕದಿರು ತುಂಬಿದ ವಿಷಯ. ಕದಿರು ತುಂಬಿದ ಮೇಲೆ ಅದರ ಮೇಲೆ ನೂಲು ನಿಲ್ಲುವುದಿಲ್ಲ, ಜಾರುತ್ತದೆ, ಸಿಕ್ಕಾಗುತ್ತದೆ. ನಿಲ್ಲಿಸಿ ನೂಲನ್ನು ಇಳಿಸಿಕೊಂಡೇ ಮತ್ತೆ ಶುರು ಮಾಡಬೇಕು. ಅಂದರೆ "ಇನ್ನು ತಿರುಗಿಸಲಾರೆ" ಎನ್ನುವುದು ಸೋಮಾರಿತನವಲ್ಲ, ಬರೀ ಸಮಾಧಿ ಸ್ಥಿತಿಯೂ ಅಲ್ಲ. ಕೆಲಸ ಗೊತ್ತಿದ್ದವಳು ಹೇಳುವ ಸರಿಯಾದ ಮಾತು. ಕೆಲಸ ಗೊತ್ತಿಲ್ಲದ ಗಂಡನಿಗೆ ಮಾತ್ರ ಅದು ಕೆಲಸ ನಿಂತ ಹಾಗೆ ಕಾಣುತ್ತದೆ. ತುಂಬಿದ್ದು ಅವಳಿಗೆ ಗೊತ್ತು, ನಿಂತದ್ದಷ್ಟೇ ಅವನಿಗೆ ಗೊತ್ತು. ವಚನದ ಸಂಕಟ ಇರುವುದೇ ಇಲ್ಲಿ ಅಂತ ಈಗ ನನಗೆ ಅನ್ನಿಸುತ್ತದೆ. ಈ ಸಂಕಟ ಆಧ್ಯಾತ್ಮಿಕ ಅರ್ಥವನ್ನು ಕೆಡಿಸುವುದಿಲ್ಲ, ಅದಕ್ಕೆ ನೆಲ ಕೊಡುತ್ತದೆ. ಒಳಗೆ ತುಂಬಿದವರು ಹೊರಗಿನವರ ಕಣ್ಣಿಗೆ ಸುಮ್ಮನೆ ಕೂತವರ ಹಾಗೆ ಕಾಣುವುದು ಭಕ್ತಿಯಲ್ಲೂ ನಡೆಯುವ ಸಂಗತಿಯೇ ತಾನೆ.

ಎರಡನೆಯದು ರಾಟೆಯದ್ದೇ ವಿಷಯ. ನಮ್ಮ ಕಡೆ ಉಣ್ಣೆಯನ್ನು ಎರಡು ಥರ ನೂಲುತ್ತಾರೆ. ಮನೆಯಲ್ಲಿ ಕೂತು ರಾಟೆಯಲ್ಲಿ ನೂಲುವುದು ಒಂದು. ಕುರಿಯ ಹಿಂದೆ ನಡೆಯುತ್ತಾ ಕೈಕದಿರಿನಲ್ಲಿ ನೂಲುವುದು ಇನ್ನೊಂದು. "ಕೈಕದಿರಾದ್ರೆ ನಡೀತಾ ನಡೀತಾ ನೂಲಬೋದು. ರಾಟೆ ಮುಂದೆ ಕೂತ್ಕಂಡ್ರೆ ಎದ್ದೇಳಂಗಿಲ್ಲ, ಮನೇಲಿ ಎಲ್ರ ಕಣ್ಣೂ ನಿನ್ ಮೇಲೇನೇ" ಅಂದರು ಅಜ್ಜಿ. ರೆಮ್ಮವ್ವೆಯ ನೂಲು ಹತ್ತಿಯದ್ದೋ ಉಣ್ಣೆಯದ್ದೋ ಎಂದು ವಚನ ಹೇಳುವುದಿಲ್ಲ. ಆದರೆ ಅವಳು ಕೂತಿದ್ದಾಳೆ, ಮನೆಯೊಳಗೆ ಕೂತಿದ್ದಾಳೆ ಎಂಬುದನ್ನು ಆ ಹಲಗೆ, ತೋರಣ, ಬೊಂಬೆಗಳೇ ಹೇಳುತ್ತವೆ. ಗಂಡ ಕೊನೆಯ ಸಾಲಿನಲ್ಲಿ ಎಲ್ಲಿಂದಲೋ ಬಂದವನಲ್ಲ, ರಾಟೆಯ ಜೊತೆಗೇ ಬಂದವನು. ಮೂರು ದೇವರನ್ನು ಕೂರಿಸಿದ ಯಂತ್ರದ ಮುಂದೆ ಅವಳೂ ಕೂತಿರಲೇಬೇಕು. ಈ ಒಂದು ಓದಿಗೆ ನನಗೆ ಬೇಕಾಗಿದ್ದದ್ದು ಯಾವ ಸಿದ್ಧಾಂತವೂ ಅಲ್ಲ, ಎರಡು ಬಗೆಯ ಕದಿರಿನ ವ್ಯತ್ಯಾಸ.

ಇನ್ನೊಂದು ಉದಾಹರಣೆ ಅಕ್ಕಮಹಾದೇವಿಯದು. ತೆರಣಿಯ ಹುಳುವಿನ ವಚನ ಎಲ್ಲರಿಗೂ ಗೊತ್ತು. ತನ್ನ ಎಳೆಯೇ ತನಗೆ ಬಲೆಯಾಗಿ ಹುಳು ಸಾಯುತ್ತದೆ, ಮನಸ್ಸಿನ ಬಯಕೆಯೂ ಹಾಗೆಯೇ ಎಂಬುದು ಅದರ ಸಾರ. ನಮ್ಮ ಚಿಕ್ಕಪ್ಪ ಹಿಂದೂಪುರದ ಹತ್ತಿರ ರೇಷ್ಮೆ ಬೆಳೆಯುತ್ತಾರೆ. ಹಿಂದೂಪುರದ ಗೂಡಿನ ಮಾರುಕಟ್ಟೆ ದೊಡ್ಡದು, ಊರಿಗೆ ಅಂಟಿಕೊಂಡ ಕಿರಿಕೆರೆಯಲ್ಲಿ ರಾಜ್ಯದ ರೇಷ್ಮೆ ಸಂಶೋಧನಾ ಸಂಸ್ಥೆಯೂ ಇದೆ. ಗಡಿ ದಾಟಿ ಕರ್ನಾಟಕದಿಂದಲೂ ಗೂಡು ಬರುತ್ತದೆ. ರಜೆಯಲ್ಲಿ ನಾನು ಸೊಪ್ಪು ಹಾಕಿದ್ದೇನೆ, ಹುಳು ನಾಲ್ಕು ಸಲ ಜ್ವರಕ್ಕೆ ಕೂತು ಏಳುವುದನ್ನು ನೋಡಿದ್ದೇನೆ, ಹಣ್ಣಾದ ಹುಳುವನ್ನು ಆರಿಸಿ ಚಂದ್ರಂಕಿಗೆ ಬಿಟ್ಟಿದ್ದೇನೆ. ಅಕ್ಕನ ವಚನ ಹೇಳಿದಾಗ ಚಿಕ್ಕಪ್ಪ ನಕ್ಕರು. "ಅದು ತಾನಾಗಿ ಎಲ್ಲಿ ಸಾಯ್ತದೆ? ಬಿಟ್ರೆ ಚಿಟ್ಟೆಯಾಗಿ ಗೂಡು ತೂತು ಮಾಡ್ಕಂಡು ಬರ್ತದೆ. ನಾವು ಬೇಯಿಸ್ತೀವಿ, ಅದುಕ್ಕೆ ಸಾಯ್ತದೆ."

ಇದು ಸಣ್ಣ ಮಾತಲ್ಲ. ಗೂಡು ಕಟ್ಟಿದ ಹತ್ತು ಹನ್ನೆರಡು ದಿನಕ್ಕೆ ಚಿಟ್ಟೆ ಒಂದು ದ್ರವದಿಂದ ಗೂಡಿನ ತುದಿಯನ್ನು ಮೆತ್ತಗೆ ಮಾಡಿಕೊಂಡು ಹೊರಗೆ ಬರುತ್ತದೆ. ಅದು ಬಂದರೆ ನೂರಾರು ಮೀಟರಿನ ಒಂದೇ ಎಳೆ ತುಂಡು ತುಂಡಾಗುತ್ತದೆ. ಎಳೆ ತುಂಡಾಗಬಾರದು ಅಂತಲೇ ನೂಲು ಬಿಚ್ಚುವವರು ಗೂಡನ್ನು ಬಿಸಿನೀರಿಗೆ ಹಾಕುವುದು. ಅಂದರೆ ಹುಳುವಿಗೆ ಗೂಡು ಸೆರೆಯಲ್ಲ, ಬೆಳೆಯುವ ಜಾಗ. ಅದನ್ನು ಸೆರೆ ಮಾಡುವುದು ಸೀರೆಯ ಬಯಕೆ. ಈ ಬಯಕೆ ಹುಳುವಿನದ್ದಲ್ಲ, ಉಡುವವರದ್ದು.

ಹಾಗಾದರೆ ಅಕ್ಕ ತಪ್ಪು ಹೇಳಿದಳಾ? ಜೀವಶಾಸ್ತ್ರದ ತಪ್ಪು ಹಿಡಿದು ವಚನಕಾರ್ತಿಗೆ ಅಂಕ ಕಡಿಮೆ ಮಾಡುವುದು ವಿಮರ್ಶೆಯಲ್ಲ. ಆದರೆ ಒಂದನ್ನು ಗಮನಿಸಬೇಕು. ಎಳೆಯಲ್ಲೇ ಸತ್ತ ಹುಳು ಕಾಣುವುದು ನೂಲು ಬಿಚ್ಚುವ ಒಲೆಯ ಹತ್ತಿರ. ಕಾಡಿನಲ್ಲಿ ಹೆಚ್ಚಾಗಿ ಕಾಣುವುದು ತೂತಾದ ಖಾಲಿ ಗೂಡು. ಹಾಗಾಗಿ ಆ ವಚನದೊಳಗೆ ಹೆಸರು ಹೇಳದೆ ಒಂದು ಒಲೆ ಉರಿಯುತ್ತಿದೆ, ಒಂದು ಅರಮನೆಯೂ ಇದೆ ಎಂದು ನನಗೆ ಕಾಣುತ್ತದೆ. ಕೌಶಿಕನ ಅರಮನೆ ಬಿಟ್ಟು, ಉಟ್ಟದ್ದನ್ನೂ ಬಿಟ್ಟು ಹೊರಟವಳು ಎಂದು ಪರಂಪರೆ ಯಾರ ಬಗ್ಗೆ ಹೇಳುತ್ತದೋ ಅವಳು ಸಂಸಾರಕ್ಕೆ ಹೋಲಿಕೆಯಾಗಿ ರೇಷ್ಮೆಯ ಹುಳುವನ್ನೇ ಆರಿಸಿಕೊಂಡಿದ್ದಾಳೆ. ಜೇಡವನ್ನೋ ಗೀಜಗನನ್ನೋ ಇಲ್ಲಿ ಕರೆದಿಲ್ಲ. ಅವಳು ಬಿಟ್ಟುಬಂದ ಬಟ್ಟೆಯ ನೆನಪು ಆ ಹುಳುವಿನಲ್ಲಿದೆ. "ಸಂಸಾರಬಂಧನದ ಸಂಕೇತ" ಎಂದು ಅಲ್ಲಿಗೇ ನಿಲ್ಲಿಸಿದರೆ ಈ ಬಟ್ಟೆ ಕಳೆದುಹೋಗುತ್ತದೆ.

ಈಗ ಲೇಪಾಕ್ಷಿ. ಸ್ಕ್ರೀನ್ ಹಂಚಿಕೊಳ್ತೇನೆ, ಕಾಣ್ತಾ ಇದೆಯಾ? ಹಿಂದೂಪುರದಿಂದ ಸುಮಾರು 15 ಕಿ.ಮೀ. ದೂರ. ವೀರಭದ್ರ ದೇವಾಲಯ, ಅಚ್ಯುತದೇವರಾಯನ ಕಾಲ, ಅಂದರೆ 1529ರಿಂದ 1542ರ ನಡುವಿನ ಆಳ್ವಿಕೆ. ಪೆನುಕೊಂಡೆಯ ಅಧಿಕಾರಿಗಳಾಗಿದ್ದ ವಿರೂಪಣ್ಣ, ವೀರಣ್ಣ ಎಂಬ ಅಣ್ಣತಮ್ಮಂದಿರು ಕಟ್ಟಿಸಿದ್ದು. ಗೋಡೆಯ ಮೇಲೆ ಕನ್ನಡ ಶಾಸನಗಳಿವೆ, ಮೇಲೆ ಚಾವಣಿಯಲ್ಲಿ ಗಿರಿಜಾ ಕಲ್ಯಾಣ, ಕಿರಾತಾರ್ಜುನೀಯ, ಮನುನೀತಿ ಚೋಳನ ಕಥೆ. ನಮ್ಮ ಸೀಮೆಯಲ್ಲಿ ಬಟ್ಟೆಯ ಇತಿಹಾಸಕ್ಕೆ ಇದಕ್ಕಿಂತ ದೊಡ್ಡ ಗ್ರಂಥ ಇಲ್ಲ. ಹೆಂಗಸರ ಸೀರೆಗಳ ಪಟ್ಟೆ, ಚೌಕಳಿ, ಹೂವಿನ ಸಾಲು ಒಂದರ ಹಾಗೆ ಇನ್ನೊಂದಿಲ್ಲ. ಸೀರೆಯ ಅಂಚಿಗೆ ಮಾದರಿ ಬೇಕಾದ ನೇಕಾರರು ಇವತ್ತಿಗೂ ಲತಾಮಂಟಪದ ಕಂಬಗಳನ್ನು ನೋಡಿಕೊಂಡು ಹೋಗುತ್ತಾರೆ. 2019ರಲ್ಲಿ ಬಂದ ಲೇಪಾಕ್ಷಿಯ ಬಗೆಗಿನ ಇಂಗ್ಲಿಷ್ ಪುಸ್ತಕಕ್ಕೆ ಅನ್ನಾ ದಲ್ಲಾಪಿಕೊಲಾ ಅವರ ಜೊತೆ ಬ್ರಿಗಿಟ್ಟೆ ಖಾನ್ ಮಜ್ಲಿಸ್ ಎಂಬ ಜವಳಿ ತಜ್ಞೆಯೂ ಲೇಖಕಿಯಾಗಿದ್ದಾರೆ. ಚಿತ್ರದಲ್ಲಿರುವ ಬಟ್ಟೆಯನ್ನು ನೋಡುವುದಕ್ಕೆ ಬಟ್ಟೆ ಬಲ್ಲವರೇ ಬೇಕು ಎಂಬ ಈ ವಿವೇಕ ನಮ್ಮ ಸಾಹಿತ್ಯ ವಿಭಾಗಗಳಿಗೂ ಬರಬೇಕು ಎಂಬುದು ನನ್ನ ಆಸೆ.

ಗಂಡಸರ ತಲೆ ನೋಡಿ. ಉದ್ದನೆಯ, ಶಂಕುವಿನಂಥ ಟೋಪಿ. ಇದು ಕುಲ್ಲಾಯಿ. ಮೈಮೇಲಿನ ನಿಲುವಂಗಿ ಕಬಾಯಿ. ಫಿಲಿಪ್ ವ್ಯಾಗನರ್ 1996ರ ಪ್ರಸಿದ್ಧ ಲೇಖನದಲ್ಲಿ ಈ ಎರಡನ್ನೂ ಹಿಡಿದುಕೊಂಡು ವಾದ ಕಟ್ಟುತ್ತಾರೆ. ಕುಲ್ಲಾಯಿ ಪಾರ್ಸಿಯ ಕುಲಾಹ್‌ನಿಂದ ಬಂದದ್ದು, ಕಬಾಯಿ ಅರಬ್ಬಿಯ ಕಬಾದಿಂದ. ವಿಜಯನಗರದ ಆಸ್ಥಾನ ಉಡುಪಿನಲ್ಲಿ, ಬಿರುದಿನಲ್ಲಿ ಆಗಿನ ಇಸ್ಲಾಮಿ ಜಗತ್ತಿನ ಜೊತೆ ಮಾತಾಡುತ್ತಿತ್ತು, ಧರ್ಮ ಬಿಡದೆಯೇ ಆ ನಾಗರಿಕತೆಯಲ್ಲಿ ಪಾಲು ಪಡೆದಿತ್ತು ಎಂಬುದು ಅವರ ವಾದ. ವಿಜಯನಗರವನ್ನು ಬರೀ ಹಿಂದೂ ಕೋಟೆ ಎಂದು ಓದುವವರಿಗೆ ಈ ಟೋಪಿ ಒಂದೇ ಸಾಕು. ಇದಕ್ಕೆ ನನ್ನದೊಂದು ಅಡಿಟಿಪ್ಪಣಿ ಇದೆ. ಉತ್ತರ ಕರ್ನಾಟಕದ ಗೆಳತಿಯರು ಹಸುಗೂಸಿನ ಟೋಪಿಗೆ ಕುಲಾಯಿ, ಕುಲಾವಿ ಅಂತಾರೆ. ಐನೂರು ವರ್ಷದಲ್ಲಿ ದಂಡನಾಯಕರ ತಲೆಯಿಂದ ಇಳಿದು ತೊಟ್ಟಿಲಿಗೆ ಬಂದಿದೆ ಪದ. ಬಟ್ಟೆ ಹಳೆಯದಾದರೆ ಮಗುವಿಗೆ ಹೊಲಿಸುತ್ತೇವಲ್ಲ, ಪದಕ್ಕೂ ಹಾಗೇ ಆಯಿತೇನೋ.

ವ್ಯಾಗನರ್ ಅವರ ಲೇಖನವನ್ನು ಮೆಚ್ಚಿಕೊಂಡೇ ಒಂದು ತಕರಾರು ಹೇಳ್ತೇನೆ. ಅವರು ಬಟ್ಟೆಯನ್ನು ರಾಜಕೀಯ ಭಾಷೆಯಾಗಿ ಓದುತ್ತಾರೆ. ಆದರೆ ಓದುವುದು ಚಿತ್ರಕ್ಕೆ ಏರಿದ ತಲೆಗಳನ್ನು ಮಾತ್ರ. ನಾನು ಎರಡು ಸಲ ಹೋಗಿ ಕತ್ತು ನೋಯುವಷ್ಟು ಹೊತ್ತು ಚಾವಣಿ ನೋಡಿದೆ. ಕಂಬಳಿ ಹೊದ್ದವರೊಬ್ಬರೂ ನನ್ನ ಕಣ್ಣಿಗೆ ಬೀಳಲಿಲ್ಲ. ಶಿವ ಬೇಟೆಗಾರನಾಗಿ ಬಂದ ಕಿರಾತಾರ್ಜುನೀಯದಲ್ಲೂ ಇಲ್ಲ. ದೇವಸ್ಥಾನದ ಹೊರಗೆ ಬಂದರೆ ಬಂಡೆ, ಬಯಲು, ಕುರಿಮಂದೆ. ಚಾವಣಿಯಲ್ಲಿ ಆ ಊರಿನ ಚಳಿಯೇ ಇಲ್ಲ.

ಆ ಚಳಿಗೆ ಹೊದೆಯುವುದು ಏನು ಅಂತ ಕೇಳಿದರೆ ಕಲ್ಯಾಣದುರ್ಗಕ್ಕೆ ಬರಬೇಕು. ನಕ್ಷೆ ತೆಗೆದು ನೋಡಿ: ಒಂದು ಕಡೆ ರಾಯದುರ್ಗ, ಪಶ್ಚಿಮಕ್ಕೆ ಗಡಿ ದಾಟಿದರೆ ಕಂಬಳಿಗೆ ಹೆಸರಾದ ಚಳ್ಳಕೆರೆ. ಮಳೆ ಕಡಿಮೆ, ಹತ್ತಿಗಿಂತ ಕುರಿ ನೆಚ್ಚಿಕೆ. ದಖನಿ ಮತ್ತು ಬಳ್ಳಾರಿ ತಳಿಯ ಕುರಿಗಳ ಉಣ್ಣೆ ಒರಟು, ಕಪ್ಪು. ವರ್ಷಕ್ಕೆ ಎರಡು ಸಲ ಕತ್ತರಿಸುತ್ತಾರೆ. ಬಿಲ್ಲಿನ ಹಗ್ಗದಿಂದ ಮೀಟಿ ಬಿಡಿಸುತ್ತಾರೆ, ಹೆಂಗಸರು ನೂಲುತ್ತಾರೆ, ಗಂಡಸರು ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತು ನೇಯುತ್ತಾರೆ. ಹಾಸಿನ ಎಳೆಗಳನ್ನು ಬಯಲಲ್ಲಿ ಉದ್ದಕ್ಕೆ ಎಳೆದು ಕಟ್ಟಿ, ಹುಣಸೆಬೀಜವನ್ನು ಅರೆದು ಕಾಯಿಸಿದ ಗಂಜಿಯನ್ನು ದೊಡ್ಡ ಕುಂಚದಿಂದ ತೀಡುತ್ತಾರೆ. ಗಂಜಿ ಕೊಡುವುದು ಹಾಸಿಗೆ, ಹೊಕ್ಕಿಗಲ್ಲ. ಅಣಿ ಬಿಚ್ಚಿ ಬಿಚ್ಚಿ ಉಜ್ಜಾಡುವ ಪೆಟ್ಟು ತಿನ್ನುವುದು ಹಾಸು. ಬಣ್ಣ ಹಾಕುವುದಿಲ್ಲ, ಕುರಿಯ ಬಣ್ಣವೇ ಕಂಬಳಿಯ ಬಣ್ಣ. ಅದನ್ನು ಕೊಪ್ಪೆ ಹಾಕಿಕೊಂಡರೆ ಮಳೆಗೆ, ಹಾಸಿದರೆ ನಿದ್ದೆಗೆ, ಮಡಿಸಿ ಗದ್ದಿಗೆ ಮಾಡಿದರೆ ದೇವರಿಗೆ. ಬೀರಪ್ಪನ ಪೂಜೆಗೆ ಕಂಬಳಿಯ ಮೇಲೆ ಬಂಡಾರ ಇಟ್ಟೇ ಶುರು.

ಈ ಕಂಬಳಿ ಸಾಹಿತ್ಯದಲ್ಲಿ ಇಲ್ಲವೇ? ಇದೆ. ಮಲೆನಾಡಿನ ಕಾದಂಬರಿಗಳ ಮಳೆಯಲ್ಲಿ ಆಳುಗಳ ಮೈಮೇಲೆ ಇದೆ. ಗಾದೆಯಲ್ಲಿದೆ: ಕಂಬಳಿ ಮೇಲೆ ಅನ್ನ ಹಾಕಿಕೊಂಡು ಕೂದಲು ಬಂತು ಎಂದ ಹಾಗೆ. ನಮ್ಮ ಮನೆಯಲ್ಲಿ ಈ ಗಾದೆ ಹೇಳುವುದಿಲ್ಲ. ಕಂಬಳಿಯ ಮೇಲೆ ಊಟ ಮಾಡುವವರು ಯಾರು, ಅದನ್ನು ನೋಡಿ ನಗುವವರು ಯಾರು ಎಂದು ಗಾದೆಯೇ ಹೇಳುತ್ತದೆ. ರಾಗಿಗೆ ಕನಕದಾಸರ ರಾಮಧಾನ್ಯ ಚರಿತ್ರೆ ಇದೆ, ಅಲ್ಲಿ ಆರು ತಿಂಗಳ ಸೆರೆಯ ಪರೀಕ್ಷೆಯಲ್ಲಿ ನರೆದಲೆಗ ಅಕ್ಕಿಯನ್ನು ಗೆಲ್ಲುತ್ತದೆ. ಕಂಬಳಿಗೆ ಅಂಥ ಕಾವ್ಯ ಇಲ್ಲ. ಇದ್ದಿದ್ದರೂ ಆ ಪರೀಕ್ಷೆ ಕಷ್ಟವೇ. ಆರು ತಿಂಗಳು ಮುಚ್ಚಿಟ್ಟರೆ ಕಂಬಳಿಗೆ ನುಸಿ ಬೀಳುತ್ತದೆ. ಅದು ದಿನಾ ಹೊದ್ದರೆ ಮಾತ್ರ ಉಳಿಯುವ ಬಟ್ಟೆ.

ಆದರೆ ಮೌಖಿಕ ಪರಂಪರೆಯಲ್ಲಿ ಬಟ್ಟೆಯ ವಸ್ತುವೇ ಕುಲದ ಕಥೆಯಾಗಿದೆ. ಕುರುಬರಲ್ಲಿ ಹತ್ತಿ ಕಂಕಣದವರು, ಉಣ್ಣೆ ಕಂಕಣದವರು ಎಂದು ಎರಡು ಕವಲು. ಮದುವೆಯಲ್ಲಿ ಮಣಿಕಟ್ಟಿಗೆ ಕಟ್ಟುವ ದಾರ ಹತ್ತಿಯದ್ದೋ ಉಣ್ಣೆಯದ್ದೋ ಎಂಬುದರ ಮೇಲೆ ಈ ಹೆಸರು. ಎಡ್ಗರ್ ಥರ್ಸ್ಟನ್ 1909ರ ತನ್ನ ಸಂಪುಟಗಳಲ್ಲಿ ಇದನ್ನು ದಾಖಲಿಸಿದ್ದಾನೆ. ಹುತ್ತದಿಂದ ಕುರಿಗಳನ್ನು ಹೊರಗೆ ತಂದ ಪದ್ಮಣ್ಣನ ಇಬ್ಬರು ಹೆಂಡಿರ ಸಂತಾನದಿಂದ ಈ ಎರಡು ಕವಲು ಎಂಬ ಕಥೆ ಇದೆ. ಥರ್ಸ್ಟನ್ ಇದನ್ನು ಜಾತಿಯ ಒಳಪಂಗಡಗಳ ಪಟ್ಟಿಯಾಗಿ ಬರೆದ. ನಾವೂ ಜಾನಪದದ ಪತ್ರಿಕೆಯಲ್ಲಿ ಪಟ್ಟಿಯಾಗಿಯೇ ಓದಿ ಪರೀಕ್ಷೆ ಬರೆದೆವು. ನನಗೆ ಅದು ವಿಮರ್ಶೆಯ ಹಾಗೆ ಕಾಣುತ್ತದೆ. ಅಜ್ಜಿಯ ಪ್ರಶ್ನೆಯ ಬೇರು ಅಲ್ಲಿದೆ. ಅವರಿಗೆ ನೂಲು ಅನ್ನುವ ಒಂದು ವಸ್ತುವೇ ಇಲ್ಲ. ಹತ್ತಿ ನೂಲು ಇದೆ, ಉಣ್ಣೆ ನೂಲು ಇದೆ. ಯಾವುದು ಅಂತ ಗೊತ್ತಾಗದೆ ಸಂಬಂಧ ಮಾತಾಡುವ ಹಾಗಿಲ್ಲ. ನಾನು ಎಂಟು ಪುಟ ಬರೆದದ್ದು ಯಾವುದೂ ಅಲ್ಲದ ನೂಲಿನ ಬಗ್ಗೆ.

ಈ ಕಥೆ ನಮ್ಮದೊಂದೇ ಅಲ್ಲ ಎಂಬುದಕ್ಕೆ ದೂರದ ಒಂದು ಉದಾಹರಣೆ. ಯುರೋಪಿನ ಸ್ಲೊವೇನಿಯಾದಲ್ಲಿ ಹಳ್ಳಿಯವರ ಬಟ್ಟೆ ಅಗಸೆ ನಾರಿನದು, ಸೆಣಬಿನದು, ಉಣ್ಣೆಯದು. ಎಲ್ಲ ಮನೆಯಲ್ಲೇ ನೂತು ನೇಯ್ದದ್ದು. ಅಗಸೆ ನಾರು ಮತ್ತು ಉಣ್ಣೆ ಬೆರೆಸಿ ನೇಯ್ದ ಬಟ್ಟೆಗೆ ಮೆಜ್‌ಲಾನ್ ಎಂದು ಹೆಸರು. ನಮ್ಮ ಎರಡು ಕಂಕಣಗಳು ಬೇರೆಯಾದರೆ ಅಲ್ಲಿ ಸಸ್ಯದ ನಾರು, ಕುರಿಯ ಕೂದಲು ಒಂದೇ ಮಗ್ಗದಲ್ಲಿ. 19ನೇ ಶತಮಾನದಲ್ಲಿ ಕಾರ್ಖಾನೆಯ ಹತ್ತಿ ಬಟ್ಟೆ ಬಂದು ಇವನ್ನು ಮೂಲೆಗೆ ತಳ್ಳಿತು. ಸರಿಯಾಗಿ ಅದೇ ಹೊತ್ತಿಗೆ ಪೇಟೆಯ ರಾಷ್ಟ್ರೀಯವಾದಿಗಳು ಗೊರೆನ್‌ಸ್ಕಾ ಸೀಮೆಯ ಹಬ್ಬದ ಉಡುಪನ್ನು ಎತ್ತಿಕೊಂಡು ಅದನ್ನು ಇಡೀ ಜನಾಂಗದ ಉಡುಪು ಮಾಡಿದರು. ದಿನನಿತ್ಯದ ಒರಟು ಬಟ್ಟೆ ಹೋಯಿತು, ಮೆರವಣಿಗೆಯ ಬಟ್ಟೆ ಉಳಿಯಿತು. ಕನಕ ಜಯಂತಿಯ ವೇದಿಕೆಯಲ್ಲಿ ಅತಿಥಿಗಳ ಹೆಗಲಿಗೆ ಕಂಬಳಿ ಹೊದೆಸಿ ಫೋಟೋ ತೆಗೆಯುವುದನ್ನು ನೋಡಿದಾಗ ನನಗೆ ಇದು ನೆನಪಾಗುತ್ತದೆ. ಆ ಗೌರವವನ್ನು ನಾನು ಹಗುರ ಮಾಡ್ತಾ ಇಲ್ಲ. ನಮ್ಮಪ್ಪನಿಗೆ ಒಮ್ಮೆ ಹೊದೆಸಿದಾಗ ಮನೆಯವರೆಲ್ಲ ಅತ್ತಿದ್ದೇವೆ. ಆದರೆ ಅದು ಎಷ್ಟು ಮೆತ್ತಗಿತ್ತು ಅಂದರೆ, ಅಜ್ಜಿ ಮುಟ್ಟಿ ನೋಡಿ "ಇದು ಮಿಲ್ಲಿಂದು" ಅಂದರು.

ನಮ್ಮೂರಲ್ಲಿ ಈಗ ಉಣ್ಣೆಯ ಕುರಿ ಕಡಿಮೆಯಾಗಿ ಮಾಂಸದ ಕುರಿ ಜಾಸ್ತಿಯಾಗಿದೆ. ನೆಲ್ಲೂರು ತಳಿಗೆ ಉಣ್ಣೆಯಿಲ್ಲ, ಬರೀ ಕೂದಲು. ಉಣ್ಣೆ ಮಾರಿದರೆ ಕತ್ತರಿಸುವವರ ಕೂಲಿ ಹುಟ್ಟುವುದಿಲ್ಲ, ಕತ್ತರಿಸಿ ಹೊಲದಲ್ಲಿ ಬಿಸಾಡುವವರಿದ್ದಾರೆ. ನಮ್ಮ ಮನೆಯ ಮಗ್ಗದ ಕುಣಿಯನ್ನು ಮುಚ್ಚಿ ಮೇಲೆ ಟೈಲ್ಸ್ ಹಾಕಿದ್ದಾರೆ. ಪ್ರಬಂಧ ಇಲ್ಲಿಗೆ ಮುಗಿಸ್ತೇನೆ. ಪ್ರಶ್ನೆಗಳಿದ್ದರೆ ಕೇಳಬಹುದು.

ಚರ್ಚೆ

ಅಧ್ಯಾಪಕರೊಬ್ಬರು: ಚೆನ್ನಾಗಿದೆ. ಆದರೆ ವಸ್ತು ಯಾವುದು ಅಂತ ಗೊತ್ತಾದ ಮಾತ್ರಕ್ಕೆ ಕಾವ್ಯದ ಅರ್ಥ ಬದಲಾಗುತ್ತದೆಯೇ? ಇದು ಸಾಹಿತ್ಯ ವಿಮರ್ಶೆಗಿಂತ ಜಾನಪದದ ಕ್ಷೇತ್ರಕಾರ್ಯ ಆಗಲಿಲ್ಲವೇ?

ಸರ್, ಎಲ್ಲ ಕಡೆ ಬದಲಾಗುವುದಿಲ್ಲ, ಒಪ್ಪುತ್ತೇನೆ. ಜೇಡರ ದಾಸಿಮಯ್ಯನ ಬಹುಪಾಲು ವಚನಗಳಿಗೆ ಮಗ್ಗದ ಜ್ಞಾನ ಬೇಕಾಗುವುದಿಲ್ಲ. ನೇಕಾರ ಅಂದಕೂಡಲೇ ಪ್ರತಿ ಸಾಲಿನಲ್ಲೂ ನೇಯ್ಗೆ ಹುಡುಕುವುದು ಕೂಡ ಒಂದು ರೋಗವೇ. ಆದರೆ ರೆಮ್ಮವ್ವೆಯ ವಚನದಲ್ಲಿ ಕೊನೆಯ ಸಾಲು ನನಗೆ ಬಿಡಿಸಿದ್ದು ರಾಟೆಯ ತಿಳಿವಳಿಕೆಯಿಂದಲೇ. ಅಲಂಕಾರ ಗೊತ್ತಿಲ್ಲದೆ ಪಂಪನನ್ನು ಓದಬಾರದು ಅಂತ ನಮಗೆ ಕಲಿಸಿದ್ದೀರಿ. ಕದಿರು ಗೊತ್ತಿಲ್ಲದೆ ಕದಿರ ರೆಮ್ಮವ್ವೆಯನ್ನು ಓದಬಹುದು ಅಂತ ಯಾಕೆ ಅಂದುಕೊಂಡೆವು? ಅವಳ ಹೆಸರಿನಲ್ಲೇ ಅದು ಇದೆ.

ಸಹಪಾಠಿ: ದಾಸಿಮಯ್ಯನ ತವನಿಧಿಯ ಕಥೆಯನ್ನು ನೀನು ಬಿಟ್ಟೆ. ಅಲ್ಲಿ ಬಟ್ಟೆಯೇ ಮುಖ್ಯ ಅಲ್ವಾ?

ಹೌದು, ಸಮಯಕ್ಕೆ ಹೆದರಿ ಬಿಟ್ಟೆ. ಕಥೆ ಎಲ್ಲರಿಗೂ ಗೊತ್ತು: ವರ್ಷಗಟ್ಟಲೆ ನೇಯ್ದ ಬಟ್ಟೆಯನ್ನು ದಾಸಿಮಯ್ಯ ಮುದಿ ಜಂಗಮನಿಗೆ ಕೊಡುತ್ತಾನೆ, ಆ ಜಂಗಮ ಅದನ್ನು ಅವನ ಕಣ್ಣೆದುರೇ ಹರಿದುಹಾಕುತ್ತಾನೆ. ಆಮೇಲೆ ಶಿವ ಪ್ರತ್ಯಕ್ಷ, ತವನಿಧಿ. ನಾವು ತವನಿಧಿಯ ಕಡೆಗೆ ಓಡುತ್ತೇವೆ. ನೇಯುವವರ ಮನೆಯಲ್ಲಿ ಈ ಕಥೆ ಹೇಳಿ ನೋಡು, ಹರಿದ ಜಾಗದಲ್ಲಿ ಅವರು ಉಸಿರು ಹಿಡಿಯುತ್ತಾರೆ. ನಮ್ಮಜ್ಜಿ "ಅಯ್ಯೋ, ಅಷ್ಟು ವರ್ಷದ್ದಾ?" ಅಂದವರು ತವನಿಧಿ ಬಂದಮೇಲೂ ಸಮಾಧಾನ ಆಗಲಿಲ್ಲ. ಬಟ್ಟೆ ಮತ್ತೆ ಕೂಡ್ತಾ ಅಂತ ಕೇಳಿದರು.

ಚಾಟ್‌ನಲ್ಲಿ ಬಂದ ಪ್ರಶ್ನೆ: ಹಿಂದೂಪುರ, ಕಲ್ಯಾಣದುರ್ಗ ಎರಡೂ ಆಂಧ್ರ. ಇದು ಕನ್ನಡ ವಿಭಾಗದ ವಿಷಯ ಹೇಗೆ?

ಈ ಪ್ರಶ್ನೆ ನನಗೆ ಹೊಸದಲ್ಲ. ಪ್ರವೇಶದ ಸಂದರ್ಶನದಲ್ಲೂ ಬಂದಿತ್ತು. ಹೌದು, ಆಂಧ್ರ. 2022ರಿಂದ ಎರಡೂ ಬೇರೆ ಬೇರೆ ಜಿಲ್ಲೆಯೂ ಆಗಿವೆ, ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಮಡಕಶಿರದ ಆಚೆಗೆ ಹೇಮಾವತಿಯಲ್ಲಿ ನೊಳಂಬರ ಕನ್ನಡ ಶಾಸನಗಳಿವೆ. 1953ರಲ್ಲಿ ಬಳ್ಳಾರಿಯ ತಾಲ್ಲೂಕುಗಳನ್ನು ಹಂಚಿದಾಗ ರಾಯದುರ್ಗ ಆ ಕಡೆ, ಬಳ್ಳಾರಿ ಈ ಕಡೆ ಆಯಿತು. ತೆಲುಗು, ಕನ್ನಡ ಎರಡರಲ್ಲೂ ಬರೆದ, ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತೆಲುಗು ಕಲಿಸಿದ ರಾಳ್ಳಪಲ್ಲಿ ಅನಂತಕೃಷ್ಣ ಶರ್ಮರು ಕಲ್ಯಾಣದುರ್ಗ ಸೀಮೆಯವರೇ. ನಮ್ಮಜ್ಜಿ ಸಂತೆಯಲ್ಲಿ ತೆಲುಗಿನಲ್ಲಿ ಚೌಕಾಸಿ ಮಾಡಿ ಮನೆಗೆ ಬಂದು ಕನ್ನಡದಲ್ಲಿ ಬೈತಾರೆ. ಕುರಿಗಳು ಮೇಯುತ್ತಾ ಗಡಿ ದಾಟುತ್ತವೆ, ಉಣ್ಣೆಯೂ ದಾಟಿತ್ತು. ನಾನು ಕನ್ನಡ ಎಂ.ಎ.ಗೆ ಬಂದು, ನಮ್ಮ ಮನೆಯ ಕನ್ನಡದಲ್ಲಿರುವ ಪದಗಳನ್ನು ಅಡಿಟಿಪ್ಪಣಿಯಲ್ಲಿ ವಿವರಿಸಬೇಕಾಯಿತು ಅನ್ನುವುದಷ್ಟೇ ನನ್ನ ದೂರು.

ಅಧ್ಯಾಪಕಿಯೊಬ್ಬರು: ಕೊನೆಯ ಪ್ರಶ್ನೆ. ನಿಮಗೆ ನೂಲುವುದಕ್ಕೆ ಬರುತ್ತದಾ?

ಇಲ್ಲ ಮೇಡಂ. ಈ ಪ್ರಬಂಧಕ್ಕೋಸ್ಕರ ಹೋದ ತಿಂಗಳು ಕಲಿಯಲು ಕೂತೆ. ಅಜ್ಜಿ ಅಟ್ಟದಿಂದ ಕೈಕದಿರು ಇಳಿಸಿ ಕೊಟ್ಟರು, ಪಕ್ಕದ ಮನೆಯಿಂದ ಒಂದು ಹಿಡಿ ಉಣ್ಣೆ ತಂದೆವು. ಮಧ್ಯಾಹ್ನ ಪೂರ್ತಿ ತಿರುಗಿಸಿದ ಮೇಲೆ ಮೂರು ಮೊಳ ಬಂತು, ಒಂದು ಕಡೆ ಬೆರಳಿನಷ್ಟು ದಪ್ಪ, ಒಂದು ಕಡೆ ಕೂದಲಿನಷ್ಟು ಸಣ್ಣ. ಅಲ್ಲೇ ಕಡಿಯಿತು. ದೀಪದ ಬತ್ತಿಗಾದರೂ ಆಗುತ್ತಾ ಅಂತ ಕೇಳಿದೆ. "ಉಣ್ಣೇಲಿ ಯಾರಮ್ಮಾ ಬತ್ತಿ ಹಾಕ್ತಾರೆ?" ಅಂತ ಅಜ್ಜಿ ಅದನ್ನು ಮತ್ತೆ ಬಿಡಿಸಿ ಉಣ್ಣೆಯ ಗುಡ್ಡೆಗೆ ಸೇರಿಸಿದರು.